ನಾಯಿ, ಗಂಟೆ, ಜೊಲ್ಲು ಬಿಟ್ರೆ ಇನ್ನೇನಿದೆ? ಬಿಹೇವಿಯರಿಸಂ, ಕಲಿಕೆ, ವ್ಯಕ್ತಿತ್ವದ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಸೈಕಾಲಜಿ ಓದ್ತಿರೋರು, ಟೀಚರ್ ಟ್ರೈನಿಂಗ್ ಮಾಡ್ತಿರೋರು, ಮಕ್ಕಳ ಹಠಕ್ಕೆ ಸುಸ್ತಾಗಿರೋ ಅಪ್ಪ ಅಮ್ಮಂದಿರು, ನಾಯಿ ಸಾಕಿರೋರು, ಎಲ್ರೂ ಸುತ್ತಿ ಬಳಸಿ ಕೇಳೋದು ಇವೇ ಪ್ರಶ್ನೆಗಳು. ಅದ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ಮೇಲಿಂದ ಕೆಳಗೆ ಓದ್ಲೇಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆ ಹುಡುಕ್ಕೊಂಡು ಓದಿ.

ಬಿಹೇವಿಯರಿಸಂ ಅಂದ್ರೆ ಚಿಕ್ಕದಾಗಿ ಏನು?

ಮನಸ್ಸೊಳಗೆ ಏನಾಗ್ತಿದೆ ಅಂತ ಊಹೆ ಮಾಡ್ಕೊಂಡು ಕೂರೋ ಬದ್ಲು, ಕಣ್ಣಿಗೆ ಕಾಣೋ ನಡವಳಿಕೆನ ಅಳೀರಿ, ಅದಕ್ಕೆ ಮುಂಚೆ ಏನಾಯ್ತು, ಆಮೇಲೆ ಏನಾಯ್ತು ಅಂತ ನೋಡಿ ಅನ್ನೋ ವಾದ. ಪಠ್ಯಪುಸ್ತಕಗಳಲ್ಲಿ ವರ್ತನಾವಾದ ಅಂತ ಇರತ್ತಲ್ಲ, ಅದೇ. 1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಒಂದು ಲೇಖನ ಬರೆದು ಇದನ್ನ ಘೋಷಣೆ ಥರ ಶುರು ಮಾಡಿದ್ರು. ಆ ಕಾಲದಲ್ಲಿ ಪ್ರಯೋಗಕ್ಕೆ ಬಂದೋರನ್ನ ಕೂರಿಸಿ, ನಿಮ್ಮೊಳಗೆ ಏನನ್ನಿಸ್ತಿದೆ ಹೇಳಿ ಅಂತ ಕೇಳಿ ಬರ್ಕೊಳ್ಳೋದು ದೊಡ್ಡ ವಿಧಾನ ಆಗಿತ್ತು, ಆದ್ರೆ ಒಂದು ಲ್ಯಾಬ್‌ನಲ್ಲಿ ಹೇಳಿದ್ದು ಇನ್ನೊಂದು ಲ್ಯಾಬ್‌ಗೆ ತಾಳೆ ಆಗ್ತಿರ್ಲಿಲ್ಲ, ಯಾರು ಸರಿ ಅಂತ ತೀರ್ಮಾನ ಮಾಡೋಕೆ ದಾರಿನೇ ಇರ್ಲಿಲ್ಲ. ವಾಟ್ಸನ್‌ಗೆ ರೇಗಿದ್ದು ಅದಕ್ಕೇ.

ಇದ್ರಲ್ಲಿ ಎರಡು ರೀತಿ ಇದೆ ಅನ್ನೋದು ನೆನಪಿರ್ಲಿ. ವಾಟ್ಸನ್ ಪ್ರಕಾರ ಒಳಗಿನದ್ದು ವಿಜ್ಞಾನದ ವಿಷಯವೇ ಅಲ್ಲ. ಆಮೇಲೆ ಬಂದ ಬಿ.ಎಫ್. ಸ್ಕಿನ್ನರ್ ಹಾಗನ್ನಲಿಲ್ಲ, ಯೋಚನೆ ಭಾವನೆ ಎಲ್ಲಾ ಇದೆ, ಆದ್ರೆ ಅವೂ ನಡವಳಿಕೆನೇ, ಅವನ್ನೇ ಕಾರಣ ಅಂತ ತೋರಿಸಿ ಕೈ ತೊಳ್ಕೋಬೇಡಿ ಅಂದ್ರು. ಸ್ಕಿನ್ನರ್ ಮನಸ್ಸೇ ಇಲ್ಲ ಅಂದ್ರು ಅಂತ ಎಲ್ಲಾ ಕಡೆ ಬರೀತಾರೆ, ಅದು ತಪ್ಪು.

ಪಾವ್ಲೋವ್ ನಿಜವಾಗ್ಲೂ ಗಂಟೆ ಬಾರಿಸ್ತಿದ್ರಾ?

ಗಂಟೆ ಬಾರಿಸಿ ಊಟ ಕೊಟ್ಟು ಕೊಟ್ಟು, ಕೊನೆಗೆ ಬರೀ ಗಂಟೆ ಸದ್ದಿಗೇ ನಾಯಿ ಜೊಲ್ಲು ಸುರಿಸೋ ಹಾಗೆ ಮಾಡಿದ್ರು ಅನ್ನೋದು ಎಲ್ಲಾ ಕಡೆ ಹೇಳೋ ಕಥೆ. ಆದ್ರೆ ಗಂಟೆಗಿಂತ ಜಾಸ್ತಿ ಬಳಸಿದ್ದು ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಹಾಕೋ ಯಂತ್ರ), ಬಝರ್, ಬೆಳಕು, ಚರ್ಮಕ್ಕೆ ಮುಟ್ಟೋದು ಇಂಥವನ್ನ. ಇನ್ನೊಂದು ವಿಷಯ, ಪಾವ್ಲೋವ್ ಸೈಕಾಲಜಿಸ್ಟೇ ಅಲ್ಲ, ರಷ್ಯಾದ ಶರೀರಶಾಸ್ತ್ರಜ್ಞ, 1904ರಲ್ಲಿ ನೊಬೆಲ್ ಬಂದಿದ್ದು ಜೀರ್ಣಕ್ರಿಯೆ ಮೇಲಿನ ಕೆಲಸಕ್ಕೆ. ನಾಯಿ ಕೆನ್ನೆಗೆ ಚಿಕ್ಕ ಆಪರೇಷನ್ ಮಾಡಿ ಜೊಲ್ಲು ಹೊರಗಿನ ಕೊಳವೆಗೆ ಬೀಳೋ ಹಾಗೆ ಮಾಡ್ತಿದ್ರು, ಹನಿ ಲೆಕ್ಕದಲ್ಲಿ ಅಳೀತಿದ್ರು. ಊಟ ಇನ್ನೂ ಬಾಯಿಗೆ ಬಿದ್ದೇ ಇಲ್ಲ, ತಟ್ಟೆ ಕಂಡ್ರೆ ಸಾಕು, ಊಟ ತರೋನ ಹೆಜ್ಜೆ ಸಪ್ಪಳ ಕೇಳಿದ್ರೆ ಸಾಕು, ಹನಿ ಬೀಳೋಕೆ ಶುರು. ಪ್ರಯೋಗ ಕೆಡಿಸ್ತಿದ್ದ ಈ ತಲೆನೋವೇ ಆಮೇಲೆ ಅವರ ಮುಖ್ಯ ಸಂಶೋಧನೆ ಆಗೋಯ್ತು.

ಕ್ಲಾಸಿಕಲ್ ಕಂಡೀಶನಿಂಗ್, ಆಪರೆಂಟ್ ಕಂಡೀಶನಿಂಗ್, ಪ್ರತೀ ಸಲ ಕನ್ಫ್ಯೂಸ್ ಆಗತ್ತೆ. ಏನು ಮಾಡ್ಲಿ?

ಕಂಡೀಶನಿಂಗ್ ಅಂದ್ರೆ ಅನುಭವದಿಂದ ನಡವಳಿಕೆ ಬದಲಾಗೋ ಕಲಿಕೆ. ಯಾವ ಥರದ್ದು ಅಂತ ತಿಳಿಯೋಕೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಪ್ರಾಣಿ ಏನಾದ್ರೂ ಮಾಡಿದ್ದಕ್ಕೆ ಫಲ ಸಿಕ್ತಾ, ಇಲ್ಲಾ ಅದು ಏನು ಮಾಡಿದ್ರೂ ಮಾಡ್ದಿದ್ರೂ ಎರಡು ಘಟನೆ ಒಟ್ಟಿಗೆ ಬಂದ್ವಾ? ಪಾವ್ಲೋವ್ ನಾಯಿ ಜೊಲ್ಲು ಸುರಿಸ್ಲಿ ಬಿಡ್ಲಿ, ಸದ್ದಾದ್ಮೇಲೆ ಊಟ ಬಂದೇ ಬರ್ತಿತ್ತು. ಅದು ಕ್ಲಾಸಿಕಲ್. ಸ್ಕಿನ್ನರ್ ಪ್ರಯೋಗದ ಪೆಟ್ಟಿಗೆಯಲ್ಲಿರೋ ಇಲಿ ಅಲ್ಲಿರೋ ಲಿವರ್ ಒತ್ತದಿದ್ರೆ ಊಟ ಇಲ್ಲ. ಅದು ಆಪರೆಂಟ್. ಸ್ಕಿನ್ನರ್‌ಗಿಂತ ಮುಂಚೆ ಥಾರ್ನ್‌ಡೈಕ್ ಬೆಕ್ಕುಗಳನ್ನ ಪಝಲ್ ಬಾಕ್ಸ್‌ನಲ್ಲಿ ಕೂಡಿಹಾಕಿ ಇದೇ ದಾರಿಯಲ್ಲಿ ಹೋಗಿದ್ರು, 1898ರ ಕೆಲಸ ಅದು. ಬೆಕ್ಕಿಗೆ ತಟ್ ಅಂತ ಏನೂ ಹೊಳೀತಿರ್ಲಿಲ್ಲ, ಪರಚಿ, ಕಚ್ಚಿ, ಒದ್ದಾಡಿ ಹೇಗೋ ಚಿಲಕ ತೆಗೀತಿತ್ತು, ಸಲದಿಂದ ಸಲಕ್ಕೆ ಬೇಡದ ಒದ್ದಾಟ ಕಮ್ಮಿಯಾಗ್ತಾ ಬರ್ತಿತ್ತು. ಒಳ್ಳೆ ಫಲ ಕೊಟ್ಟ ಕೆಲಸ ಉಳ್ಕೊಳ್ಳತ್ತೆ, ಉಳಿದದ್ದು ಬಿಟ್ಟೋಗತ್ತೆ ಅನ್ನೋ ಪರಿಣಾಮ ನಿಯಮ ಬಂದಿದ್ದು ಇಲ್ಲಿಂದ.

ನಿಜ ಜೀವನದಲ್ಲಿ ಎರಡೂ ಕಲಸಿಕೊಂಡೇ ಇರತ್ತೆ, ಪರೀಕ್ಷೆ ಪೇಪರ್‌ನಲ್ಲಿ ಮಾತ್ರ ಬೇರೆ ಬೇರೆ.

ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂದ್ರೆ ಶಿಕ್ಷೆ ತಾನೇ?

ಅಲ್ಲ, ಪೂರ್ತಿ ಉಲ್ಟಾ. ಶಿಕ್ಷೆ ನಡವಳಿಕೆನ ಕಮ್ಮಿ ಮಾಡತ್ತೆ. ರೀಇನ್‌ಫೋರ್ಸ್‌ಮೆಂಟ್ ಯಾವ್ದೇ ಆದ್ರೂ ಜಾಸ್ತಿನೇ ಮಾಡತ್ತೆ, ನೆಗೆಟಿವ್‌ನಲ್ಲಿ ಏನೋ ಕಿರಿಕಿರಿ ತೊಲಗಿದ್ದರಿಂದ ಜಾಸ್ತಿ ಆಗತ್ತೆ ಅಷ್ಟೇ.

ಹತ್ತಿರದಿಂದ ನೋಡೋಣ. ಮಗು ಮೊಬೈಲ್ ಬೇಕು ಅಂತ ಕಿರುಚ್ತಿದೆ. ಅಪ್ಪ ಒಂದು ನಿಮಿಷ ತಡ್ಕೊಂಡ, ಎರಡು ನಿಮಿಷ ತಡ್ಕೊಂಡ, ಆಮೇಲೆ ತಗೋ ಮಾರಾಯ ಅಂತ ಕೊಟ್ಟ. ಕಿರುಚಾಟ ನಿಂತೋಯ್ತು. ಇಲ್ಲಿ ಮಗುಗೆ ಆಗಿದ್ದು ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್, ಕಿರುಚಿದ್ದಕ್ಕೆ ಮೊಬೈಲ್ ಸಿಕ್ತು. ಅಪ್ಪನಿಗೆ ಆಗಿದ್ದು ನೆಗೆಟಿವ್, ಕೊಟ್ಟಿದ್ದಕ್ಕೆ ಗಲಾಟೆ ತೊಲಗ್ತು. ಅಂದ್ರೆ ಇಬ್ರೂ ಒಬ್ಬರಿಗೊಬ್ರು ಟ್ರೈನಿಂಗ್ ಕೊಡ್ತಿದಾರೆ, ನಾಳೆ ಮಗು ಬೇಗ ಕಿರುಚತ್ತೆ, ಅಪ್ಪ ಬೇಗ ಕೊಡ್ತಾನೆ, ಇದ್ರಲ್ಲಿ ಯಾರನ್ನೂ ಕೆಟ್ಟೋರು ಅನ್ನೋ ಅಗತ್ಯನೇ ಇಲ್ಲ. ಈ ಥಿಯರಿಯ ನಿಜವಾದ ಬೆಲೆ ಇರೋದು ಇಲ್ಲೇ ಅಂತ ನನ್ನ ಅಭಿಪ್ರಾಯ: ಮಗು ಹಠಮಾರಿ, ಅಪ್ಪ ಮೆತ್ತಗಿನವನು ಅಂತ ಹಣೆಪಟ್ಟಿ ಹಚ್ಚಿದ್ರೆ ಮಾಡೋಕೆ ಏನೂ ಉಳಿಯಲ್ಲ. ಕಿರುಚಿದ್ಮೇಲೆ ಏನಾಗತ್ತೆ ಅಂತ ಕೇಳಿದ್ರೆ ತಕ್ಷಣ ಕೈಗೆ ಒಂದು ದಾರಿ ಸಿಗತ್ತೆ.

ಸರಿ, ಹಠಕ್ಕೆ ಸೊಪ್ಪು ಹಾಕ್ಲಿಲ್ಲ. ಹಠ ಕಮ್ಮಿ ಆಗೋ ಬದ್ಲು ಜಾಸ್ತಿ ಆಯ್ತು. ಥಿಯರಿ ಸುಳ್ಳಾ?

ಥಿಯರಿ ಹೇಳೋದೂ ಅದನ್ನೇ. ಇಷ್ಟು ದಿನ ಸಿಗ್ತಿದ್ದ ಫಲ ಏಕಾಏಕಿ ನಿಂತ್ರೆ ಸುಮಾರು ಸಲ ಆ ನಡವಳಿಕೆ ಮೊದ್ಲು ಜೋರಾಗತ್ತೆ, ಆಮೇಲೆ ಇಳಿಯತ್ತೆ. ಲಿಫ್ಟ್ ಬರ್ಲಿಲ್ಲ ಅಂದ್ರೆ ನಾವು ಬಟನ್ನನ್ನ ಐದಾರು ಸಲ ಕುಟ್ತೀವಲ್ಲ, ಹಾಗೆ. ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅಂತ ಹೆಸರು. ತುಂಬಾ ಜನ ಸೋಲೋದು ಸರಿಯಾಗಿ ಈ ಜಾಗದಲ್ಲೇ, ಜೋರಾದ ಹಠಕ್ಕೆ ಕೊನೆಗೆ ಮಣಿದ್ರೆ ಮಗು ಕಲಿಯೋದು ಏನು ಅಂದ್ರೆ ಇನ್ಮೇಲೆ ಇಷ್ಟು ಜೋರಾಗಿ ಕಿರುಚ್ಬೇಕು ಅಂತ. ಒಂದಿನ ಕೊಟ್ಟು ಒಂದಿನ ಬಿಟ್ಟು ಮಾಡಿದ್ರಂತೂ ಇನ್ನೂ ಕಷ್ಟ, ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ. ಮತ್ತೆ ಒಂದು ಎಚ್ಚರಿಕೆ: ಹಸಿವು, ನೋವು, ಹೆದರಿಕೆಗೆ ಅಳೋ ಮಗುಗೆ ಇದನ್ನ ಪ್ರಯೋಗ ಮಾಡ್ಬೇಡಿ. ಮತ್ತೆ ಸುಮ್ನೆ ಕಡೆಗಣಿಸೋದು ಅರ್ಧ ಕೆಲಸ ಅಷ್ಟೇ, ಮೆತ್ತಗೆ ಕೇಳಿದಾಗ ಅದಕ್ಕೆ ಬೆಲೆ ಕೊಡೋದು ಇನ್ನರ್ಧ.

ಯಾವಾಗ್ಲೋ ಒಮ್ಮೆ ಸಿಗೋ ಬಹುಮಾನಕ್ಕೆ ಯಾಕೆ ಅಷ್ಟು ಶಕ್ತಿ?

ಪ್ರತೀ ಸಲ ಸಿಗ್ತಿದ್ರೆ, ಒಂದೆರಡು ಸಲ ಸಿಗದಿದ್ದಾಗ್ಲೇ ನಿಂತೋಯ್ತು ಅಂತ ಗೊತ್ತಾಗತ್ತೆ. ಯಾವಾಗ ಸಿಗತ್ತೆ ಅಂತ ಗೊತ್ತೇ ಇಲ್ಲದಿದ್ರೆ ನಿಂತಿದ್ಯೋ ಇಲ್ವೋ ಹೇಗೆ ಗೊತ್ತಾಗ್ಬೇಕು? ಅದ್ಕೆ ಬಿಡಲ್ಲ. ಸ್ಕಿನ್ನರ್ ಮತ್ತು ಫರ್ಸ್ಟರ್ 1957ರಲ್ಲಿ ಇದರ ಬಗ್ಗೆ ದಪ್ಪ ಪುಸ್ತಕವನ್ನೇ ತಂದ್ರು, ಪಾರಿವಾಳ ಕೊಕ್ಕಿಂದ ಕುಟ್ಟಿದ ಗ್ರಾಫ್‌ಗಳೇ ತುಂಬಿವೆ. ಎಷ್ಟು ಸಲ ಕುಟ್ಟಿದ್ರೆ ಕಾಳು ಬೀಳತ್ತೆ ಅನ್ನೋದು ಬದಲಾಗ್ತಾನೇ ಇದ್ರೆ ಪಾರಿವಾಳ ಬಿಡುವಿಲ್ಲದೆ ಕುಟ್ತಿರತ್ತೆ. ಜೂಜಿನ ಸ್ಲಾಟ್ ಮಷೀನ್ ನಡೆಯೋದೂ ಇದೇ ಲೆಕ್ಕದಲ್ಲಿ. ಫೋನ್ ಫೀಡ್ ಎಳೆದು ರಿಫ್ರೆಶ್ ಮಾಡೋದನ್ನೂ ಇದಕ್ಕೆ ಹೋಲಿಸ್ತಾರೆ, ಹೋಲಿಕೆ ಬಹಳ ಮಟ್ಟಿಗೆ ಸರಿನೇ.

ಪಾರಿವಾಳಕ್ಕೂ ಮೂಢನಂಬಿಕೆ ಇರತ್ತಂತೆ, ಹೌದಾ?

1948ರ ಪ್ರಯೋಗ ಇದು, ನನಗೆ ಬಹಳ ಇಷ್ಟ. ಹಸಿದ 8 ಪಾರಿವಾಳ, ಒಂದೊಂದನ್ನೇ ಪೆಟ್ಟಿಗೆಗೆ ಬಿಟ್ಟು ಅವು ಏನೇ ಮಾಡ್ಲಿ ನಿಗದಿತ ಹೊತ್ತಿಗೆ, ಉದಾಹರಣೆಗೆ 15 ಸೆಕೆಂಡಿಗೊಮ್ಮೆ, ಕಾಳು ಬರೋ ಹಾಗೆ ಸ್ಕಿನ್ನರ್ ಇಟ್ರು. ಸ್ವಲ್ಪ ಹೊತ್ತಾದ್ಮೇಲೆ ನೋಡಿದ್ರೆ ಒಂದು ಪಾರಿವಾಳ ಅಪ್ರದಕ್ಷಿಣೆ ಹಾಕ್ತಿದೆ, ಕಾಳು ಬರೋಷ್ಟರಲ್ಲಿ ಎರಡು ಮೂರು ಸುತ್ತು. ಇನ್ನೊಂದು ಪೆಟ್ಟಿಗೆಯ ಮೇಲಿನ ಮೂಲೆಗೆ ತಲೆ ಚಾಚಿ ಚಾಚಿ ನೋಡ್ತಿದೆ. 8ರಲ್ಲಿ 6 ಹಕ್ಕಿಗಳಿಗೆ ಇಂಥ ಸ್ಪಷ್ಟ ಚಾಳಿ ಬಂತು. ಕಾಳು ಬಿದ್ದಾಗ ಏನು ಮಾಡ್ತಿತ್ತೋ ಅದೇ ಗಟ್ಟಿಯಾಯ್ತು ಅಂತ ಸ್ಕಿನ್ನರ್ ವಿವರಣೆ. 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮ್ಮೆಲ್‌ಹಾಗ್ ಇದನ್ನೇ ಇನ್ನೂ ಜಾಗರೂಕತೆಯಿಂದ ಮಾಡಿ, ಕಾಳು ಬರೋ ಹೊತ್ತು ಹತ್ತಿರ ಆದಂತೆ ಹೆಚ್ಚಿನ ಹಕ್ಕಿಗಳು ಮಾಡೋದು ಒಂದೇ ಥರ, ಊಟ ನಿರೀಕ್ಷೆ ಮಾಡೋ ಸಹಜ ಚಲನೆ, ಆಕಸ್ಮಿಕ ಜೋಡಣೆ ಒಂದರಿಂದ್ಲೇ ಎಲ್ಲಾ ವಿವರಿಸೋಕೆ ಆಗಲ್ಲ ಅಂದ್ರು. ಪಠ್ಯಪುಸ್ತಕಗಳು ಮೊದಲ ಭಾಗ ಹೇಳಿ ಎರಡನೇ ಭಾಗ ನುಂಗ್ಬಿಡತ್ವೆ.

ಶಿಕ್ಷೆ ಕೊಟ್ರೆ ಕಲಿಯಲ್ವಾ?

ನಡವಳಿಕೆ ತಕ್ಷಣಕ್ಕೆ ನಿಲ್ಲತ್ತೆ, ಅದ್ರಲ್ಲಿ ಅನುಮಾನ ಇಲ್ಲ, ಅದ್ಕೇ ಅಲ್ವಾ ದೊಡ್ಡೋರು ಅದನ್ನ ಬಿಡದೇ ಇರೋದು (ಬೈದ ತಕ್ಷಣ ಮನೆ ಸೈಲೆಂಟ್ ಆಯ್ತು ಅಂದ್ರೆ ಬೈಯೋದೇ ಗಟ್ಟಿ ಆಗತ್ತೆ, ಮೇಲೆ ಹೇಳಿದ ಅಪ್ಪನ ಕಥೆನೇ). ಆದ್ರೆ ಬದ್ಲಿಗೆ ಏನು ಮಾಡ್ಬೇಕು ಅಂತ ಶಿಕ್ಷೆ ಕಲಿಸಲ್ಲ. ಶಿಕ್ಷೆ ಕೊಡೋರು ಎದುರಿಗಿಲ್ಲದಾಗ ಹಳೇ ಚಾಳಿ ವಾಪಸ್ ಬರತ್ತೆ, ಭಯ ಅಂಟ್ಕೊಳ್ಳೋದು ಕೆಲಸಕ್ಕಲ್ಲ, ಶಿಕ್ಷೆ ಕೊಟ್ಟ ಮನುಷ್ಯನಿಗೆ. ಸ್ಕಿನ್ನರ್ ಜೀವನಪೂರ್ತಿ ಶಿಕ್ಷೆಯ ವಿರುದ್ಧವೇ ಬರೆದ್ರು, ಇದು ಗೊತ್ತಿಲ್ಲದೆ ಅವರನ್ನ ಬೆತ್ತ ಹಿಡಿದ ಮೇಷ್ಟ್ರ ಪಕ್ಷಕ್ಕೆ ಸೇರಿಸೋರು ಬಹಳ.

ಸ್ಕಿನ್ನರ್ ತಮ್ಮ ಮಗಳನ್ನೇ ಪೆಟ್ಟಿಗೆಯಲ್ಲಿ ಇಟ್ಟು ಪ್ರಯೋಗ ಮಾಡಿದ್ರಂತೆ?

ಗಾಳಿಸುದ್ದಿ. ಅದು ಬೆಚ್ಚಗಿರೋ, ಗಾಜಿನ ಕಿಟಕಿ ಇರೋ ತೊಟ್ಟಿಲು. ಮಗಳು ಚೆನ್ನಾಗೇ ಬೆಳೆದು ದೊಡ್ಡವರಾಗಿ, ಇದೆಲ್ಲಾ ಸುಳ್ಳು ಅಂತ ಪತ್ರಿಕೆಯಲ್ಲಿ ಬರೆದೂ ಆಯ್ತು.

ಲಿಟಲ್ ಆಲ್ಬರ್ಟ್ ಪ್ರಯೋಗ ಏನನ್ನ ಸಾಬೀತು ಮಾಡ್ತು?

ಎಲ್ರೂ ಹೇಳೋದಕ್ಕಿಂತ ಕಮ್ಮಿ. 1920ರಲ್ಲಿ ವಾಟ್ಸನ್ ಮತ್ತು ರೊಸಾಲಿ ರೇನರ್ ಸುಮಾರು 11 ತಿಂಗಳ ಮಗು ಮುಂದೆ ಬಿಳಿ ಇಲಿ ಬಿಟ್ಟು, ಮಗು ಮುಟ್ಟೋಕೆ ಹೋದಾಗ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದ್ರು. ಕೊನೆಗೆ ಇಲಿ ಕಂಡ್ರೇ ಅಳು, ಮೊಲ, ನಾಯಿ, ತುಪ್ಪಳದ ಕೋಟು ಕಂಡ್ರೂ ಗಾಬರಿ. ಆದ್ರೆ ಇದ್ದಿದ್ದು ಒಂದೇ ಮಗು, ಅಳತೆ ಸಡಿಲ, ಭಯ ಎಲ್ಲಾ ಸಲ ಒಂದೇ ಥರ ಬರ್ಲೂ ಇಲ್ಲ. ಹುಟ್ಟಿಸಿದ ಭಯ ಹೋಗ್ಲಾಡಿಸದೇ ಮಗುನ ಕಳಿಸಿಬಿಟ್ರು, ಇವತ್ತು ಯಾವ ಎಥಿಕ್ಸ್ ಕಮಿಟಿನೂ ಒಪ್ಪಲ್ಲ. ಅದೇ ವರ್ಷ ವಾಟ್ಸನ್ ಯೂನಿವರ್ಸಿಟಿ ಕೆಲಸ ಬಿಡ್ಬೇಕಾಯ್ತು, ಕಾರಣ ಪ್ರಯೋಗ ಅಲ್ಲ, ರೇನರ್ ಜೊತೆಗಿನ ಸಂಬಂಧ. ಆಮೇಲೆ ಜಾಹೀರಾತು ಕಂಪನಿ ಸೇರಿ ಚೆನ್ನಾಗಿ ಸಂಪಾದಿಸಿದ್ರು.

ಒಂದು ಡಜನ್ ಆರೋಗ್ಯವಂತ ಮಕ್ಕಳನ್ನ ಕೊಡಿ, ಡಾಕ್ಟ್ರೋ ಕಳ್ಳನೋ ಏನ್ ಬೇಕೋ ಮಾಡಿ ತೋರಿಸ್ತೀನಿ ಅನ್ನೋ ಅವರ ಮಾತು ಫೇಮಸ್ ಅಲ್ವಾ, ಅದರ ಪಕ್ಕದಲ್ಲೇ ನನ್ನ ಹತ್ರ ಇರೋ ಪುರಾವೆ ಮೀರಿ ಮಾತಾಡ್ತಿದೀನಿ ಅಂತ ಅವರೇ ಒಪ್ಕೊಂಡಿದಾರೆ. ಆ ಸಾಲನ್ನ ಯಾರೂ ಶೇರ್ ಮಾಡಲ್ಲ.

ಬಿಹೇವಿಯರಿಸಂ ಸತ್ತೋಯ್ತು, ಕಾಗ್ನಿಟಿವ್ ಸೈಕಾಲಜಿ (ಯೋಚನೆ, ನೆನಪು ಇಂಥ ಒಳಗಿನದ್ದನ್ನ ಅಧ್ಯಯನ ಮಾಡೋ ಶಾಖೆ) ಗೆಲ್ತು ಅಂತಾರಲ್ಲ?

ಏಟು ಬಿದ್ದಿದ್ದು ನಿಜ. ಒಂದು, ಟೋಲ್ಮನ್ ಮತ್ತು ಹಾಂಜಿಕ್ 1930ರಲ್ಲಿ ಇಲಿಗಳನ್ನ ಊಟನೇ ಇಡದೆ ದಿನಾ ದಾರಿಜಾಲದಲ್ಲಿ ಅಲೆಯೋಕೆ ಬಿಟ್ರು, 11ನೇ ದಿನ ಊಟ ಇಟ್ಟ ಕೂಡ್ಲೇ ಮೊದಲಿಂದ ಊಟ ಪಡೀತಿದ್ದ ಇಲಿಗಳ ಮಟ್ಟಕ್ಕೆ ಬಂದ್ಬಿಟ್ವು. ಅಂದ್ರೆ ಬಹುಮಾನ ಇಲ್ದೇನೂ ಕಲಿಕೆ ಆಗಿತ್ತು, ತೋರಿಸೋಕೆ ಕಾರಣ ಇರ್ಲಿಲ್ಲ ಅಷ್ಟೇ. ಎರಡು, 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಸ್ಕಿನ್ನರ್ ಅವರ ಭಾಷೆ ಕುರಿತ ಪುಸ್ತಕವನ್ನ ಕಟುವಾಗಿ ವಿಮರ್ಶೆ ಮಾಡಿದ್ರು, ಹಿಂದೆಂದೂ ಕೇಳದ ವಾಕ್ಯಗಳನ್ನ ಮಕ್ಕಳು ಹುಟ್ಟುಹಾಕೋದು ಬಹುಮಾನದ ಲೆಕ್ಕಕ್ಕೆ ಸಿಗಲ್ಲ ಅಂತ. ಮೂರನೇದು ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸೋದು, ಪ್ರಾಣಿಗಳಿಂದ್ಲೇ ಬಂದಿದ್ದು. ಸ್ಕಿನ್ನರ್ ಶಿಷ್ಯರಾಗಿದ್ದ ಬ್ರೆಲ್ಯಾಂಡ್ ದಂಪತಿ ಪ್ರಾಣಿಗಳಿಗೆ ಟ್ರೈನಿಂಗ್ ಕೊಡೋ ವ್ಯಾಪಾರ ನಡೆಸ್ತಿದ್ರು. ಹಂದಿಗೆ ನಾಣ್ಯ ತಂದು ಡಬ್ಬಿಗೆ ಹಾಕೋದು ಕಲಿಸಿದ್ರೆ, ದಿನ ಹೋದಂಗೆ ಅದು ನಾಣ್ಯನ ನೆಲಕ್ಕೆ ಹಾಕಿ ಮೂತಿಯಿಂದ ಕೆದಕೋಕೆ ಶುರು ಮಾಡ್ತು, ಊಟ ತಡ ಆದ್ರೂ ಬಿಡ್ಲಿಲ್ಲ. ರಕೂನ್ ನಾಣ್ಯಗಳನ್ನ ಕೈಬಿಡದೆ ಉಜ್ಜಿ ಉಜ್ಜಿ ಕೂತ್ಬಿಡ್ತಿತ್ತು. 1961ರಲ್ಲಿ ಇದನ್ನ ಬರೆದು, ಜಾತಿಯ ಸಹಜ ಗುಣ ಕಲಿಕೆನ ಎಳ್ಕೊಂಡು ಹೋಗತ್ತೆ ಅಂದ್ರು. 1966ರಲ್ಲಿ ಗಾರ್ಸಿಯಾ ಮತ್ತು ಕೆಲ್ಲಿಂಗ್ ತೋರಿಸಿದ್ದೂ ಇದಕ್ಕೆ ಹತ್ತಿರದ್ದೇ: ಇಲಿಗಳು ಹೊಟ್ಟೆ ತೊಳಸೋದನ್ನ ರುಚಿ ಜೊತೆ ಸುಲಭವಾಗಿ ಜೋಡಿಸ್ತವೆ, ಬೆಳಕು ಸದ್ದಿನ ಜೊತೆ ಜೋಡಿಸಲ್ಲ. ಯಾವುದನ್ನ ಬೇಕಾದ್ರೂ ಯಾವುದಕ್ಕೆ ಬೇಕಾದ್ರೂ ಗಂಟು ಹಾಕ್ಬಹುದು ಅನ್ನೋದು ಅಲ್ಲಿಗೆ ಮುಗೀತು.

ಹಾಗಂತ ಸತ್ತಿಲ್ಲ. 1972ರ ರೆಸ್ಕೋರ್ಲಾ–ವ್ಯಾಗ್ನರ್ ಮಾಡೆಲ್ ಕಂಡೀಶನಿಂಗನ್ನ ಲೆಕ್ಕಕ್ಕೆ ತಂತು: ಅಂದ್ಕೊಂಡಿದ್ದಕ್ಕೂ ಆಗಿದ್ದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು ಕಲಿಕೆ. 1990ರ ದಶಕದಲ್ಲಿ ಕೋತಿಗಳ ಮಿದುಳಿನ ಡೋಪಮೈನ್ ಅನ್ನೋ ರಾಸಾಯನಿಕ ಬಿಡೋ ನರಕೋಶಗಳು ಹೆಚ್ಚುಕಮ್ಮಿ ಇದೇ ಲೆಕ್ಕ ಮಾಡ್ತಿರೋದು ಕಂಡ್ಬಂತು, ಕಂಪ್ಯೂಟರ್‌ಗೆ ಆಟ ಕಲಿಸೋ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್‌ನ ಬೇರೂ ಇಲ್ಲೇ ಇದೆ. ಬ್ಯಾನರ್ ಇಳಿಸಿದ್ರು, ಅಂಗಡಿ ಮುಚ್ಚಲಿಲ್ಲ.

ಕಲಿಕೆ ಬಗ್ಗೆ ಕೊಹ್ಲರ್, ಪಿಯಾಜೆ, ವೈಗಾಟ್‌ಸ್ಕಿ ಏನಂದ್ರು?

ಕೊಹ್ಲರ್ ಟೆನೆರಿಫ್ ದ್ವೀಪದಲ್ಲಿ ಚಿಂಪಾಂಜಿಗಳ ಜೊತೆ ಕೆಲಸ ಮಾಡಿದ್ರು, ಸುಲ್ತಾನ್ ಅನ್ನೋ ಚಿಂಪಾಂಜಿ ಎರಡು ಕೋಲು ಸೇರಿಸಿ ಉದ್ದ ಮಾಡಿ ಹಣ್ಣು ಎಳ್ಕೊಂಡಿದ್ದು ಒಳನೋಟದ ಕಲಿಕೆಗೆ (ತಟ್ ಅಂತ ಹೊಳೆದು ಕಲಿಯೋದಕ್ಕೆ) ದೊಡ್ಡ ಉದಾಹರಣೆ. ಪಿಯಾಜೆ ಪ್ರಕಾರ ಮಗು ತಾನೇ ಮುಟ್ಟಿ ಮಾಡಿ ತಿಳುವಳಿಕೆ ಕಟ್ಕೊಳ್ಳತ್ತೆ, ಹಂತ ಹಂತವಾಗಿ. ವೈಗಾಟ್‌ಸ್ಕಿ ಪ್ರಕಾರ ಗೊತ್ತಿರೋರ ಜೊತೆ ಸೇರಿ ಮೊದ್ಲು ಮಾಡತ್ತೆ, ಆಮೇಲೆ ಒಂಟಿಯಾಗಿ. ಇವರೆಲ್ಲಾ ಬೇರೆಯದೇ ಪುಟಕ್ಕೆ ಆಗೋಷ್ಟಿದಾರೆ, ಇಲ್ಲಿ ಇಷ್ಟು ಸಾಕು.

ಬಂಡೂರ ಹೊಸದಾಗಿ ಏನು ಹೇಳಿದ್ರು?

ಫಲ ನಮಗೇ ಸಿಗ್ಬೇಕಾಗಿಲ್ಲ, ನೋಡಿನೂ ಕಲೀತೀವಿ. 1961ರಲ್ಲಿ ಸ್ಟ್ಯಾನ್‌ಫರ್ಡ್‌ನ ನರ್ಸರಿಯ 72 ಮಕ್ಕಳ ಜೊತೆ ಮಾಡಿದ ಬೊಬೊ ಗೊಂಬೆ ಪ್ರಯೋಗ ಎಲ್ರಿಗೂ ಗೊತ್ತು, ದೊಡ್ಡೋರು ಗೊಂಬೆಗೆ ಹೊಡೆದದ್ದನ್ನ ನೋಡಿದ ಮಕ್ಕಳು ಅದೇ ಮಾತು ಅದೇ ಏಟು ಕಾಪಿ ಹೊಡೆದ್ವು. ನನ್ನ ಕೇಳಿದ್ರೆ 1965ರದ್ದು ಇನ್ನೂ ಚೆನ್ನಾಗಿದೆ. ಹೊಡೆದವನಿಗೆ ಶಿಕ್ಷೆ ಆಗೋ ಫಿಲ್ಮ್ ನೋಡಿದ ಮಕ್ಕಳು ಕಮ್ಮಿ ನಕಲು ಮಾಡಿದ್ವು, ಆದ್ರೆ ನೋಡಿದ್ದನ್ನ ಮಾಡಿ ತೋರಿಸಿದ್ರೆ ಬಹುಮಾನ ಅಂದ ತಕ್ಷಣ ಆ ವ್ಯತ್ಯಾಸ ಅಳಿಸೋಯ್ತು. ಕಲಿತಿದ್ದು ಎಲ್ರೂ, ಮಾಡಿ ತೋರಿಸಿದ್ದು ಕೆಲವರು.

ಬಹುಮಾನ ಕೊಟ್ರೆ ಮಕ್ಕಳ ಆಸಕ್ತಿ ಹಾಳಾಗತ್ತೆ ಅಂತಾರೆ, ಏನು ಮಾಡೋದು?

1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಮಾಡಿದ ಕೆಲಸ. ಸ್ಕೆಚ್ ಪೆನ್ನಲ್ಲಿ ಚಿತ್ರ ಬರೆಯೋದು ಮೊದಲಿಂದ್ಲೂ ಇಷ್ಟ ಇದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದ್ರೆ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದ್ಲೇ ಹೇಳಿದ್ರು. ಕೆಲವರಿಗೆ ಹೇಳದೇ ಕೊನೆಗೆ ಕೊಟ್ರು, ಕೆಲವರಿಗೆ ಕೊಡ್ಲೇ ಇಲ್ಲ. ಆಮೇಲೆ ಬಿಡುವಿನಲ್ಲಿ ನೋಡಿದ್ರೆ, ಮೊದ್ಲೇ ಹೇಳಿಸ್ಕೊಂಡವರು ಬೇರೆಯವರಿಗಿಂತ ಹೆಚ್ಚುಕಮ್ಮಿ ಅರ್ಧ ಹೊತ್ತು ಮಾತ್ರ ಚಿತ್ರ ಬರೆದ್ರು. ಗಮನಿಸಿ, ಮೊದಲಿಂದ್ಲೂ ಇಷ್ಟ ಇದ್ದ ಕೆಲಸ ಅದು. ಇಷ್ಟನೇ ಇಲ್ಲದ ಮಗ್ಗಿ ಬಾಯಿಪಾಠಕ್ಕೆ ಸ್ಟಿಕ್ಕರ್ ಕೊಟ್ರೆ ಹಾಳಾಗೋಕೆ ಅಲ್ಲಿ ಆಸಕ್ತಿನೇ ಇರಲ್ವಲ್ಲ, ಧಾರಾಳವಾಗಿ ಕೊಡಿ.

ವ್ಯಕ್ತಿತ್ವದ ಬಗ್ಗೆ ಬಿಹೇವಿಯರಿಸ್ಟ್‌ಗಳು ಏನಂತಾರೆ?

ವ್ಯಕ್ತಿತ್ವ ಅಂತ ಒಳಗೆ ಕೂತಿರೋ ವಸ್ತು ಏನಿಲ್ಲ, ಇಷ್ಟು ವರ್ಷದ ಅನುಭವದಿಂದ ಗಟ್ಟಿಯಾದ ಅಭ್ಯಾಸಗಳ ಕಂತೆ ಅದು ಅಂತಾರೆ. ಅವರ ಒಂದು ತಕರಾರು ನನಗೆ ಪೂರ್ತಿ ಒಪ್ಪಿಗೆ. ಅವನು ಯಾಕೆ ಕೆಲಸ ಮಾಡಲ್ಲ? ಸೋಮಾರಿ. ಸೋಮಾರಿ ಅಂತ ಹೇಗೆ ಗೊತ್ತು? ಕೆಲಸ ಮಾಡಲ್ಲ ಅಲ್ವಾ. ಇದು ವಿವರಣೆ ಥರ ಕೇಳಿಸತ್ತೆ, ಅಸಲಿಗೆ ನಿಂತಲ್ಲೇ ಗಿರಗಿಟ್ಲೆ. ಆದ್ರೆ ಅಭ್ಯಾಸ ಒಂದೇ ಅಂದ್ರೂ ತಪ್ಪಾಗತ್ತೆ, ಅವಳಿ ಮಕ್ಕಳ ಅಧ್ಯಯನಗಳಲ್ಲಿ ಜನರ ನಡುವಿನ ಸ್ವಭಾವದ ವ್ಯತ್ಯಾಸದ ಸುಮಾರು 40ರಿಂದ 50 ಪರ್ಸೆಂಟ್ ಅನುವಂಶೀಯತೆಗೆ ಹೋಗತ್ತೆ, ವಾಟ್ಸನ್ ಇದ್ದಿದ್ರೆ ಇದಕ್ಕೆ ಉತ್ತರ ಕೊಡ್ಬೇಕಾಗಿತ್ತು.

ನಾನು ಐಎನ್‌ಎಫ್‌ಜೆ. ಇದಕ್ಕೆ ವೈಜ್ಞಾನಿಕ ಆಧಾರ ಇದ್ಯಾ?

ಬೇಜಾರಾಗ್ಬೇಡಿ, ಕಮ್ಮಿ. ಐಎನ್‌ಎಫ್‌ಜೆ ಅಂದ್ರೆ ಮೈಯರ್ಸ್–ಬ್ರಿಗ್ಸ್ ಅನ್ನೋ ವ್ಯಕ್ತಿತ್ವದ ಟೆಸ್ಟ್ ಜನರಿಗೆ ಕೊಡೋ ನಾಲ್ಕಕ್ಷರದ ಗುರುತುಗಳಲ್ಲಿ ಒಂದು. ಮೈಯರ್ಸ್–ಬ್ರಿಗ್ಸ್ ಟೆಸ್ಟ್ ಮಾಡಿದ ತಾಯಿ ಮಗಳು ಇಬ್ರೂ ಸೈಕಾಲಜಿಯಲ್ಲಿ ತರಬೇತಿ ಪಡೆದೋರಲ್ಲ, 1921ರಲ್ಲಿ ಸ್ವಿಸ್ ಮನೋವೈದ್ಯ ಯುಂಗ್ ಬರೆದ ವಿಚಾರಗಳನ್ನ ಇಟ್ಕೊಂಡು ಕಟ್ಟಿದ್ದು. ಮುಖ್ಯ ತೊಂದರೆ ಏನಂದ್ರೆ ಹೆಚ್ಚಿನ ಜನ ಅಂತರ್ಮುಖಿ ಬಹಿರ್ಮುಖಿ ಎರಡರ ನಡುವೆ ಎಲ್ಲೋ ಇರ್ತಾರೆ, ಟೆಸ್ಟ್ ನಡುಗೆರೆ ಎಳೆದು ಈ ಕಡೆ ಆ ಕಡೆ ತಳ್ಳತ್ತೆ, ಕೆಲವೇ ವಾರ ಬಿಟ್ಟು ಮತ್ತೆ ತಗೊಂಡ್ರೆ ಸುಮಾರು ಜನರ ನಾಲ್ಕಕ್ಷರದಲ್ಲಿ ಒಂದಾದ್ರೂ ಬದಲಾಗಿರತ್ತೆ. ಸಂಶೋಧಕರು ಬಳಸೋದು ಬಿಗ್ ಫೈವ್: ಹೊಸತಿಗೆ ತೆರ್ಕೊಳ್ಳೋದು, ಶಿಸ್ತು, ಬಹಿರ್ಮುಖತೆ, ಹೊಂದ್ಕೊಂಡು ಹೋಗೋದು, ಬೇಗ ಕಳವಳ ಆಗೋದು. ಇದರ ಹಿಂದಿನ ದಾರಿ ಮಜವಾಗಿದೆ, 1936ರಲ್ಲಿ ಆಲ್‌ಪೋರ್ಟ್ ಮತ್ತು ಓಡ್ಬರ್ಟ್ ಇಂಗ್ಲಿಷ್ ಡಿಕ್ಷನರಿ ಜಾಲಾಡಿ ಮನುಷ್ಯರ ಗುಣ ಹೇಳೋ ಸುಮಾರು 18,000 ಪದ ಹೆಕ್ಕಿದ್ರು, ಆಮೇಲಿನವರು ಅದನ್ನ ಅಂಕಿಅಂಶದ ಜರಡಿ ಹಿಡಿದು ಹಿಡಿದು ಐದಕ್ಕೆ ತಂದ್ರು. ಆದ್ರೂ ನೆನಪಿಡಿ, ಬಿಗ್ ಫೈವ್ ಒಳ್ಳೆ ವರ್ಣನೆ, ಯಾಕೆ ಹೀಗೆ ಅನ್ನೋದಕ್ಕೆ ಅದೂ ಉತ್ತರ ಹೇಳಲ್ಲ.

ಆಫೀಸಲ್ಲಿ ಮೌನಿ, ಫ್ರೆಂಡ್ಸ್ ಜೊತೆ ವಾಚಾಳಿ. ನನ್ನ ನಿಜವಾದ ವ್ಯಕ್ತಿತ್ವ ಯಾವುದು?

ಎರಡೂ. 1968ರಲ್ಲಿ ವಾಲ್ಟರ್ ಮಿಶೆಲ್ ಇದೇ ಪ್ರಶ್ನೆ ಎತ್ತಿ ದೊಡ್ಡ ಗದ್ದಲ ಎಬ್ಬಿಸಿದ್ರು, ಟೆಸ್ಟ್ ಸ್ಕೋರ್‌ಗೂ ಒಂದು ಸಂದರ್ಭದಲ್ಲಿ ಮಾಡೋ ಕೆಲಸಕ್ಕೂ ಇರೋ ಸಂಬಂಧ 0.3ರ ಆಸುಪಾಸು ಅಷ್ಟೇ (0 ಅಂದ್ರೆ ನಂಟೇ ಇಲ್ಲ, 1 ಅಂದ್ರೆ ಪೂರ್ತಿ ತಾಳೆ) ಅಂತ. ಎದುರು ಪಕ್ಷದವರು, ಒಂದೇ ದಿನ ನೋಡ್ಬೇಡಿ, ಬಹಳ ದಿನಗಳ ಸರಾಸರಿ ತಗೊಳ್ಳಿ, ಸ್ವಭಾವ ಚೆನ್ನಾಗೇ ಕಾಣತ್ತೆ ಅಂದ್ರು. ಇಬ್ರ ಮಾತೂ ನಿಂತಿದೆ. ಮಾರ್ಷ್‌ಮಲ್ಲೋ ಟೆಸ್ಟ್ (ಈಗ್ಲೇ ಒಂದು ಮಿಠಾಯಿ ಬೇಕಾ, ತಡ್ಕೊಂಡ್ರೆ ಎರಡು ಅಂತ ಮಗುಗೆ ಹೇಳಿ ನೋಡೋದು) ಮಾಡಿದ್ದೂ ಇದೇ ಮಿಶೆಲ್, ತಡ್ಕೊಂಡ ಮಗು ಮುಂದೆ ಉದ್ಧಾರ ಆಗತ್ತೆ ಅಂತ ಜನ ಅದನ್ನ ಭವಿಷ್ಯವಾಣಿ ಮಾಡ್ಕೊಂಡ್ರು, 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿದಾಗ ಮನೆ ಪರಿಸ್ಥಿತಿ ಲೆಕ್ಕಕ್ಕೆ ತಗೊಂಡ್ರೆ ಆ ನಂಟು ಬಹಳ ತೆಳ್ಳಗಾಯ್ತು.

21 ದಿನ ಮಾಡಿದ್ರೆ ಅಭ್ಯಾಸ ಆಗತ್ತಾ?

21 ಬಂದಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ, ಆಪರೇಷನ್ ಆದವರು ಹೊಸ ಮುಖಕ್ಕೆ ಒಗ್ಗೋಕೆ ಕಮ್ಮಿ ಅಂದ್ರೂ ಅಷ್ಟು ದಿನ ಹಿಡಿಯತ್ತೆ ಅಂತ ಅವರು ಗಮನಿಸಿದ್ದು. ಲಂಡನ್‌ನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಸುಮಾರು 66 ದಿನ ಬಂತು, ಆದ್ರೆ ಜನರಿಂದ ಜನರಿಗೆ 18ರಿಂದ 254ರವರೆಗೆ ವ್ಯತ್ಯಾಸ. ನೀರು ಕುಡಿಯೋದು ಬೇಗ ಕೂರತ್ತೆ, ವ್ಯಾಯಾಮ ನಿಧಾನ. ಮಧ್ಯೆ ಒಂದಿನ ತಪ್ಪಿದ್ರೆ ಏನೂ ಕೊಚ್ಕೊಂಡು ಹೋಗಲ್ಲ ಅಂತನೂ ಅದೇ ಅಧ್ಯಯನದಲ್ಲಿದೆ.

ಭಯ ಹೋಗ್ಲಾಡಿಸೋಕೆ ಇದರಿಂದ ನಿಜವಾಗ್ಲೂ ಉಪಯೋಗ ಇದ್ಯಾ?

ಈ ಇಡೀ ವಿಷಯದಲ್ಲಿ ಅತೀ ಹೆಚ್ಚು ಜನರಿಗೆ ಉಪಕಾರ ಆಗಿರೋದೇ ಇಲ್ಲಿ. 1924ರಲ್ಲಿ ಮೇರಿ ಕವರ್ ಜೋನ್ಸ್, ಮೊಲ ಕಂಡ್ರೆ ಹೆದರ್ತಿದ್ದ ಪೀಟರ್ ಅನ್ನೋ ಮಗು ಇಷ್ಟದ ತಿಂಡಿ ತಿನ್ನೋವಾಗ ಪಂಜರದಲ್ಲಿರೋ ಮೊಲವನ್ನ ದೂರದಲ್ಲಿಟ್ಟು, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತಂದ್ರು, ಕೊನೆಗೆ ಮಗು ಮೊಲನ ಮುದ್ದಾಡ್ತು. 1958ರಲ್ಲಿ ವೋಲ್ಪೆ ಇದನ್ನ ದೊಡ್ಡವರ ಚಿಕಿತ್ಸೆಗೆ ಹೊಂದಿಸಿದ್ರು, ಇವತ್ತಿನ ಎಕ್ಸ್‌ಪೋಶರ್ ಥೆರಪಿ ಇದೇ ವಂಶದ್ದು. ಭಯದ ವಸ್ತುವಿನಿಂದ ಓಡಿದಾಗ ಸಿಗೋ ನೆಮ್ಮದಿ ಇದ್ಯಲ್ಲ, ಅದೇ ಓಡೋ ಚಾಳಿಯನ್ನ ಗಟ್ಟಿ ಮಾಡೋದು (ಮತ್ತೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್), ಅದ್ಕೆ ಓಡದೆ ನಿಲ್ಲೋದನ್ನ ಮೆಟ್ಟಿಲು ಮೆಟ್ಟಿಲಾಗಿ ಕಲಿಸ್ತಾರೆ. ಹಳೇ ಭಯ ಅಳಿಸಿ ಹೋಗಲ್ಲ, ಅದರ ಮೇಲೆ ಹೊಸ ಕಲಿಕೆ ಕೂರತ್ತೆ, ಹಾಗಾಗಿ ಕ್ಲಿನಿಕ್‌ನಲ್ಲಿ ಹೋದ ಭಯ ಬೇರೆ ಜಾಗದಲ್ಲಿ ಮತ್ತೆ ತಲೆ ಎತ್ತೋದುಂಟು. ಚಿಕಿತ್ಸೆ ಕೆಲಸ ಮಾಡ್ಲಿಲ್ಲ ಅಂತ ಅಲ್ಲಿಗೇ ಬಿಟ್ಬಿಡ್ಬೇಡಿ, ಥೆರಪಿಸ್ಟ್‌ಗೆ ಹೇಳಿ, ಜಾಗ ಸಮಯ ಸನ್ನಿವೇಶ ಬದಲಾಯಿಸಿ ಮತ್ತೆ ಮಾಡಿಸ್ತಾರೆ.